ಕೂಸಿನ ಬಟ್ಟೆಯ ಬಣ್ಣ

ಭ್ರೂಣದಲ್ಲಿ ಯಕೃತ್ತು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಪಿಯು ಪಠ್ಯದಲ್ಲಿ ಹೆಚ್ಚು ಜಾಗವಿಲ್ಲ. ಆದರೂ ನಾನು ಪ್ರತಿ ವರ್ಷ ಅದಕ್ಕೆ ಇಡೀ ಒಂದು ತಾಸು ಕೊಡುತ್ತಿದ್ದೆ. ಎಂ.ಎಸ್ಸಿ. ಓದುವಾಗ ನನಗೆ ತುಂಬ ಹಿಡಿಸಿದ ಪಾಠ ಅದು. ನನಗೆ ಹಿಡಿಸಿದ್ದನ್ನು ಇನ್ನೊಬ್ಬರ ತಲೆಗೆ ತುರುಕದೆ ಬಿಡುವ ಸ್ವಭಾವ ನನ್ನದಲ್ಲ. ಮುಂಡರಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಸಿಂಗಟಾಲೂರಿನ ಕಡೆಯಿಂದ ಮೊದಲ ಬಸ್ಸಿಗೆ ಬರುವ ಮಕ್ಕಳು ಎರಡನೇ ತಾಸಿಗಾಗಲೇ ತೂಕಡಿಸುತ್ತಿರುತ್ತಾರೆ. ಅವರನ್ನು ಎಬ್ಬಿಸಲು ಸೀಮೆಸುಣ್ಣದಿಂದ ಬೋರ್ಡನ್ನು ಕುಟ್ಟಿ ಒಂದು ಉದ್ದ ಕೊಳವೆಯ ಚಿತ್ರ ಬರೆಯುತ್ತಿದ್ದೆ.

"ಇದು ಮುಂದ ಕರುಳ ಆಗೋದು. ನಾಲ್ಕನೇ ವಾರದಾಗ ಇಲ್ಲೊಂದು ಸಣ್ಣ ಮೊಗ್ಗಿ ಏಳತೈತಿ. ಅದು ಅಕ್ಕಿಕಾಳಿನಷ್ಟೂ ಇರಂಗಿಲ್ಲ. ಬಾಜೂಕ ಹೃದಯ ಬೆಳೀತಿರತೈತಿ. ಅಲ್ಲಿಂದ ಖಬರ ಬಂದ್ರ ಮಾತ್ರ ಈ ಮೊಗ್ಗಿ ಲಿವರ್ ಆಗತೈತಿ, ಇಲ್ಲಾಂದ್ರ ಕರುಳಾಗೇ ಉಳೀತೈತಿ" ಎಂದಾಗ ಹುಡುಗಿಯರು ತಲೆ ಎತ್ತುತ್ತಿದ್ದರು. ಆಮೇಲೆ ಉಳಿದದ್ದು. ಮೊಗ್ಗಿನ ಮೇಲಿನ ಭಾಗ ಬೆಳೆದು ಯಕೃತ್ತಾಗುತ್ತದೆ. ಕೆಳಗಿನ ಸಣ್ಣ ಭಾಗ ಪಿತ್ತಕೋಶವಾಗುತ್ತದೆ. ಕರುಳಿಗೆ ಅಂಟಿಕೊಂಡಿದ್ದ ಆ ತೊಟ್ಟು ಪಿತ್ತನಾಳವಾಗುತ್ತದೆ. ಎಲುಬಿನ ಮಜ್ಜೆ ತಯಾರಾಗುವವರೆಗೆ ಕೂಸಿಗೆ ರಕ್ತ ಮಾಡಿಕೊಡುವುದೂ ಈ ಯಕೃತ್ತೇ. ಮೂರನೇ ತಿಂಗಳು ಮುಗಿಯುವ ಹೊತ್ತಿಗೆ ಅದರಿಂದ ಪಿತ್ತರಸ ಹೊರಡುತ್ತದೆ. ಕೊನೆಗೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಮಲಕ್ಕೆ ಬಣ್ಣ ಬರುವುದು ಯಾವುದರಿಂದ? ಪಿತ್ತರಸದಿಂದ. ಎರಡು ಅಂಕ. ಆ ಎರಡು ಅಂಕವನ್ನು ನಾನು ನನ್ನ ಮನೆಯಲ್ಲಿಯೇ ಕಳೆದುಕೊಂಡೆ.

ನಾನು ಮದುವೆಯಾಗಿ ಬಂದ ಮನೆ ಬೆಟಗೇರಿಯಲ್ಲಿದೆ. ಓಣಿಯ ತುಂಬ ಮಗ್ಗಗಳು. ನನ್ನ ಗಂಡ ಮನೆಯ ಮುಂದಿನ ಖೋಲಿಯಲ್ಲಿ ಲೇಥ್ ಮಷೀನು ಇಟ್ಟುಕೊಂಡಿದ್ದಾರೆ. ಹಿತ್ತಲು ಮಾತ್ರ ನಮ್ಮ ಅತ್ತೆಯದು. ಅಲ್ಲಿ ಎರಡು ಒಲೆ, ನಾಲ್ಕು ಹಂಡೆ, ಬಿದಿರಿನ ಗಳ. ಸೀರೆಗೆ ಬೇಕಾದ ನೂಲಿಗೆ ಬಣ್ಣ ಹಾಕುವುದು ಅವರ ಕೆಲಸ. ಬಣ್ಣ ಕಾಣದ ನೂಲಿಗೆ ಇಲ್ಲಿ ಕೋರಾ ಎನ್ನುತ್ತಾರೆ. ಆ ಕೋರಾ ನೂಲಿನ ಲಡಿಯನ್ನು, ಅಂದರೆ ಸುತ್ತಿದ ಕಟ್ಟನ್ನು, ಹಂಡೆಗೆ ಇಳಿಸಿ, ಕೋಲಿನಿಂದ ತಿರುವಿ, ಎತ್ತಿ, ಹಿಂಡಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ಬಲ್ಬಿನ ಬೆಳಕನ್ನು ಅವರು ನಂಬುವುದಿಲ್ಲ. ಮಾದರಿಯ ದಾರಕ್ಕೂ ತಾವು ಹಾಕಿದ ಬಣ್ಣಕ್ಕೂ ಒಂದು ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮತ್ತೆ ಹಂಡೆಗೆ ಹಾಕುತ್ತಾರೆ. ನನ್ನ ಕಣ್ಣಿಗೆ ಎರಡೂ ಒಂದೇ ಕಾಣುತ್ತಿದ್ದವು. ಹಾಗೆ ಹೇಳಿದರೆ, "ಅಷ್ಟು ಓದೀಯಲ್ಲವಾ, ಕಣ್ಣಿಗೆ ಏನೂ ಕಲಿಸಿಲ್ಲೇನು?" ಎಂದು ನಗುತ್ತಿದ್ದರು.

ನನ್ನ ತವರು ಶಿರಹಟ್ಟಿ. ಅವ್ವ ನಾನು ಡಿಗ್ರಿ ಓದುವಾಗಲೇ ತೀರಿಕೊಂಡಳು. ಹಾಗಾಗಿ ನಾನು ಬಸಿರಾದಾಗ ಬಾಣಂತನ ಎಲ್ಲಿ ಎಂಬ ಮಾತೇ ಯಾರೂ ಎತ್ತಲಿಲ್ಲ, ಮುಜುಗರಕ್ಕೆ. ಅತ್ತೆಯೇ ಒಂದು ದಿನ ಕೈ ಒರೆಸಿಕೊಳ್ಳುತ್ತ ಬಂದು, "ಚೊಚ್ಚಿಲ ಬಾಣಂತನ ತವರಾಗ ಆಗಬೇಕಂತಾರ. ನಿನಗ ಇದ ತವರು. ನಾನ ಮಾಡತೀನಿ, ಆತು?" ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತುಬಂದೆ.

ಹೆಚ್ಚು ತಿಳಿದವಳಿಗೆ ಬಸಿರು ಎಂದರೆ ಪರೀಕ್ಷೆ ಇದ್ದ ಹಾಗೆ. ಗದಗಿನಿಂದ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಆತುಕೊಂಡು ವಾರ ಎಣಿಸುತ್ತಿದ್ದೆ. ಈ ವಾರ ಕೈಬೆರಳು ಬಿಡಿಯಾಗುತ್ತವೆ, ಈ ವಾರ ಪಿತ್ತರಸ ಶುರುವಾಗುತ್ತದೆ ಎಂದುಕೊಳ್ಳುತ್ತಿದ್ದೆ. ಹೀಗೆ ಎಣಿಸುವಾಗಲೇ ಒಂದು ದಿನ ಹಿಂದಕ್ಕೂ ಎಣಿಸಿದೆ. ನಾಲ್ಕನೇ ವಾರದಲ್ಲಿ, ಬಸಿರು ಎಂದು ನನಗಿನ್ನೂ ಗೊತ್ತಿಲ್ಲದಾಗ, ಜ್ವರ ಬಂದು ಮೂರು ದಿನ ಗುಳಿಗೆ ನುಂಗಿದ್ದೆ. ಅದೇ ಮೊಗ್ಗು ಏಳುವ ವಾರ! ಮರುದಿನವೇ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಆ ಗುಳಿಗೆಯಿಂದ ಏನೂ ಆಗುವುದಿಲ್ಲ ಎಂದರು. ನಾನು ತಲೆಯಾಡಿಸಿ ಬಂದೆ, ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಆ ಗುಳಿಗೆಯ ಚೀಟಿ ಹಾಗೇ ಬಿದ್ದಿತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೆಣ್ಣು ಹುಟ್ಟಿತು. ಆಸ್ಪತ್ರೆಯಲ್ಲಿ ಮೊದಲ ದಿನ ಅದು ಕರಿಹಸಿರು ಬಣ್ಣದ ಮಲ ಹಾಕಿದಾಗ ನಾನು ಖುಷಿಯಿಂದ ಗಂಡನಿಗೆ ತೋರಿಸಿದೆ. "ಇದನ್ನೇನು ನೋಡೋದ?" ಎಂದು ಅವರು ಮುಖ ತಿರುಗಿಸಿದರು. ಪಿತ್ತರಸ ಕರುಳಿಗೆ ಇಳಿದಿದೆ, ದಾರಿ ತೆರೆದಿದೆ ಎಂದು ನನಗೆ ಗೊತ್ತಿತ್ತಲ್ಲ! ನನ್ನ ವಿದ್ಯೆ ಅಲ್ಲಿಗೇ ನಿಶ್ಚಿಂತೆಯಾಗಿ ಕಾಲು ಚಾಚಿತು. ಮೂರನೇ ದಿನ ಸ್ವಲ್ಪ ಕಾಮಾಲೆ ಕಂಡಿತು. ಅದು ಬಹಳ ಕೂಸುಗಳಿಗೆ ಬರುತ್ತದೆ, ಹೋಗದಿದ್ದರೆ ಕರೆದುಕೊಂಡು ಬರ್ರಿ ಎಂದು ನರ್ಸು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ನಾನು ಬಾಣಂತಿ ಖೋಲಿ ಸೇರಿದೆ. ಕಿಟಕಿ ಮುಚ್ಚಿ ಅದಕ್ಕೊಂದು ಕಂಬಳಿ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಗಾಳಿ ಹತ್ತಬಾರದೆಂದು ತಲೆಗೆ ಬಿಗಿದ ಬಟ್ಟೆ. ಬೆಳಕೆಂದರೆ ಗೋಡೆಯ ಮೇಲಿನ ಸಣ್ಣ ಬಲ್ಬು. ಥಣ್ಣೀರು ಮುಟ್ಟುವಂತಿಲ್ಲ, ಆದ್ದರಿಂದ ಕೂಸಿನ ಬಟ್ಟೆಯನ್ನೂ ಮುಟ್ಟುವಂತಿಲ್ಲ. ಕೂಸು ಒದ್ದೆ ಮಾಡಿಕೊಂಡು ಅತ್ತರೆ ಅತ್ತೆ ಒಳಗೆ ಬಂದು, ಆ ಕತ್ತಲಲ್ಲೇ ಬಿಚ್ಚಿ, ಒರೆಸಿ, ಬೇರೆ ಬಟ್ಟೆ ಸುತ್ತಿ, ಹೊಲಸಾದದ್ದನ್ನು ಮುದ್ದೆ ಮಾಡಿಕೊಂಡು ಹಿತ್ತಲಿಗೆ ಒಯ್ಯುತ್ತಿದ್ದರು. ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಅಜ್ಜಿಯ ಹಳೇ ಸೀರೆಯೇ ಆಗಬೇಕು. ನಮ್ಮ ಅತ್ತೆಯ ಹಳೇ ಸೀರೆಗಳೋ, ಎಲ್ಲವೂ ಕಡುಗೆಂಪು, ಗಾಢ ಹಸಿರು. ದಿನಾ ಬೆಳಿಗ್ಗೆ ಕೂಸಿಗೆ ಎಣ್ಣೆ, ಕಡಲೆಹಿಟ್ಟು, ಅರಿಷಿಣ ಹಚ್ಚಿ ಎರೆಯುತ್ತಿದ್ದರು. ಅರಿಷಿಣವನ್ನು ಅವರು ಧಾರಾಳವಾಗಿ ಬಳಸುತ್ತಿದ್ದರು, ಬಣ್ಣದ ಕೈ ನೋಡಿ.

ಈಗ ಬರೆಯುವಾಗ ಎಲ್ಲ ಒಂದರ ಪಕ್ಕ ಒಂದು ಕೂತು ನನ್ನನ್ನು ಹಂಗಿಸುತ್ತವೆ. ಆಗ ಅವು ಹಾಗೆ ಕೂತಿರಲಿಲ್ಲ. ಕೂಸು ಹಾಲು ಕುಡಿಯುತ್ತಿತ್ತು, ಮೈ ಕೈ ತುಂಬಿಕೊಳ್ಳುತ್ತಿತ್ತು. ಲಕ್ಷ್ಮೇಶ್ವರದಿಂದ ನನ್ನ ಚಿಕ್ಕವ್ವ ಅಂಟಿನ ಉಂಡೆ ಕಟ್ಟಿಕೊಂಡು ನೋಡಲು ಬಂದಳು. ತೊಟ್ಟಿಲಿಗೆ ಬಗ್ಗಿ, "ಬಂಗಾರದಂಥಾ ಕೂಸು! ಮೈಬಣ್ಣ ನೋಡವಾ, ಥೇಟ್ ಬಂಗಾರ" ಎಂದಳು. ನಾನು ಹಿಗ್ಗಿದೆ. ತಿಂಗಳು ತುಂಬಿದ ಮೇಲೆ ಒಮ್ಮೆ ಹಾಲು ಕೊಡುವಾಗ ಕಣ್ಣಿನ ಬಿಳಿ ಯಾಕೋ ಹಳದಿ ಅನಿಸಿ ಗಂಡನನ್ನು ಕರೆದೆ. ಅವರು ಬಗ್ಗಿ ನೋಡಿ, "ಬಲ್ಬ ಹಳದಿ ಐತಿ, ನಿನ್ನ ಮುಖಾನೂ ಹಳದಿ ಕಾಣತೈತಿ" ಎಂದರು. ಅದು ಖರೆಯೂ ಆಗಿತ್ತು. ನಾನು ಸುಮ್ಮನಾದೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಲವತ್ತನಾಲ್ಕನೇ ದಿನ ಬೆಳಿಗ್ಗೆ ಕೂಸು ಮಲಗಿತ್ತು. ನಾನು ಗೋಡೆಗೆ ಒರಗಿ ಕೂತಿದ್ದೆ. ಹಿತ್ತಲಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದರು. ಪಕ್ಕದ ಮನೆಯಲ್ಲಿ ಮಗ್ಗದ ಕಂಡಿಗೆ ನೂಲು ಸುತ್ತುವ ಹೆಂಗಸು ಕಂಪೌಂಡಿನ ಆಚೆಯಿಂದ, "ಇಷ್ಟ್ ಅರಿವಿ ಒಗದು ಒಗದು ನಿಮ್ಮ ರಟ್ಟಿ ಬಿದ್ದು ಹೋಗಿರಬೇಕಲ್ಲರಿ?" ಎಂದಳು.

"ಇಲ್ಲವಾ, ನಮ್ಮ ಮೊಮ್ಮಗಳದ್ದು ಏನೂ ತ್ರಾಸ ಇಲ್ಲ" ಎಂದರು ಅತ್ತೆ. ಅವರ ದನಿಯಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು. "ನನ್ನ ಮಗಂದು ತಿಕ್ಕಿ ತಿಕ್ಕಿ ಸಾಕಾಗತಿತ್ತು. ಇಕಿ ಹೇತದ್ದು ಒಂದ ನೀರಿಗೆ ಹೋಗತೈತಿ ನೋಡು. ಕಲೆನ ಬೀಳಂಗಿಲ್ಲ. ಬಣ್ಣನ ಇಲ್ಲ ಅದಕ್ಕ."

ನಾನೂ ಮೊದಲು ನಕ್ಕೆ. ನನ್ನ ಮಗಳು ಅಜ್ಜಿಗೆ ತೊಂದರೆ ಕೊಡುತ್ತಿಲ್ಲ ಎಂದು ನನಗೂ ಹೆಮ್ಮೆಯಾಯಿತು. ಆ ನಗು ಮುಖದ ಮೇಲಿರುವಾಗಲೇ ಬೋರ್ಡು ಕುಟ್ಟುವ ನನ್ನದೇ ಸದ್ದು ಕೇಳಿಸಿತು. ಮಲಕ್ಕೆ ಬಣ್ಣ ಬರುವುದು ಯಾವುದರಿಂದ?

ಹೇಗೆ ಎದ್ದೆನೋ ಗೊತ್ತಿಲ್ಲ. ತಲೆಯ ಬಟ್ಟೆ ಎಲ್ಲೋ ಬಿತ್ತು. ನಲವತ್ತನಾಲ್ಕು ದಿನದಲ್ಲಿ ಮೊದಲ ಸಲ ಬರಿಗಾಲಲ್ಲಿ ಹಿತ್ತಲಿಗೆ ಬಂದೆ. ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ.

"ಅಯ್ಯ, ಏನ್ ಹುಡಿಗೀ ನೀ! ಕಾಲಿಗೆ ಥಂಡಿ ಹತ್ತತೈತಿ, ಒಳಗ ನಡಿ ಮೊದಲ" ಎಂದು ಅತ್ತೆ ಗದರಿದರು.

"ಅತ್ತಿ, ಏನಂದ್ರಿ ಈಗ? ಬಣ್ಣ ಇಲ್ಲಂದ್ರ? ಎಂದಿನಿಂದ ಇಲ್ಲ?"

ಅವರು ಬಟ್ಟೆ ಹಿಡಿದುಕೊಂಡೇ ನಿಂತರು. "ಎಂದಿನಿಂದ ಅಂದ್ರ… ದವಾಖಾನಿಂದ ಬಂದಾಗ ಹಳದಿ ಇತ್ತವಾ. ಆಮ್ಯಾಗ ತಿಳಿ ಆಗಕೋತ ಬಂತು. ಹಾಲ ಕುಡಿಯೋ ಕೂಸು, ಹಾಲಿನಂಗ ಇರತೈತಿ ಅನಕೊಂಡೆ. ಯಾಕ?"

ನನಗೆ ಕಾಣಬೇಕಿತ್ತು. ಆದರೆ ಎಲ್ಲ ಒಗೆದಾಗಿತ್ತು. ಗಳದ ಮೇಲೆ ಕಡುಗೆಂಪು, ಹಸಿರು ಚೂರುಗಳು ನೀರಿಳಿಸುತ್ತ ತೂಗುತ್ತಿದ್ದವು, ಒಂದರಲ್ಲೂ ಒಂದು ಗುರುತಿಲ್ಲ. ಬಕೇಟಿನಲ್ಲಿ ಒಂದೇ ಒಂದು ಬಟ್ಟೆ ಉಳಿದಿತ್ತು, ಕೂಸು ಉಚ್ಚೆ ಹೊಯ್ದದ್ದು. ಅದು ಸೀರೆಯ ಚೂರು ಸಾಲದಾದಾಗ ಬಳಸುತ್ತಿದ್ದ ಗಂಡನ ಹಳೇ ಧೋತರದ ತುಂಡು, ಬಿಳಿ. ನಡುವೆ ಅಂಗೈಯಗಲ ಹಳದಿ ಕಲೆ.

"ಇದೇನರಿ ಇದು?"

"ಅದು ಅರಿಷಿಣ. ಮೈಗೆ ಹಚ್ಚತೀನಲ್ಲ, ಬಟ್ಟಿಗೆ ಹತ್ತಿರತೈತಿ. ಬಿಸಲಿಗೆ ಹಾಕಿದ್ರ ಹಾರಿ ಹೋಗತೈತಿ" ಎಂದರು. ಅವರ ಹುಬ್ಬು ಗಂಟಿಕ್ಕಿತು. ನನ್ನ ಕೈಯಿಂದ ಬಟ್ಟೆ ಕಸಿದುಕೊಂಡು, ಒಗೆಯುವ ಸಬಕಾರದ ಬಿಲ್ಲೆ ತಗೊಂಡು, ಕಲೆಯ ಮೇಲೆ ಗಸಗಸ ತಿಕ್ಕಿದರು. ತಿಕ್ಕಿ, ಬೆಳಕಿಗೆ ಹಿಡಿದರು.

ಅರಿಷಿಣಕ್ಕೆ ಸಬಕಾರ ತಾಗಿದರೆ ಕೆಂಪಾಗುತ್ತದೆ. ಅಡುಗೆಮನೆಯಲ್ಲಿ ಸೆರಗಿಗೆ ಪಲ್ಯ ಚೆಲ್ಲಿಕೊಂಡ ಯಾವ ಹೆಂಗಸಿಗೂ ಅದು ಗೊತ್ತು, ಬಣ್ಣದವರಿಗಂತೂ ಹೇಳುವುದೇ ಬೇಡ. ಆ ಕಲೆ ಕೆಂಪಾಗಲಿಲ್ಲ. ನೊರೆಯ ಕೆಳಗೆ ಹಳದಿಯಾಗಿಯೇ ಇತ್ತು. ಕರುಳಿಗೆ ಇಳಿಯಬೇಕಿದ್ದ ಪಿತ್ತದ ಬಣ್ಣ ಉಚ್ಚೆಯಲ್ಲಿ ಬರುತ್ತಿತ್ತು.

"ದಿನಾ ಸಬಕಾರ ಹಚ್ಚತೀನಿ" ಎಂದರು ಅತ್ತೆ, ತಮಗೇ ಹೇಳಿಕೊಳ್ಳುವ ಹಾಗೆ. "ದಿನಾ ನೋಡೀನಿ. ಕೆಂಪ ಆಗಿಲ್ಲ. ನಾ ಯಾಕ ಕೇಳಲಿಲ್ಲ, ಇದು ಯಾಕ ಕೆಂಪ ಆಗವಲ್ದು ಅಂತ?" ಅವರು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ನನಗೆ ಅವರನ್ನು ಸಮಾಧಾನ ಮಾಡುವಷ್ಟು ಒಳ್ಳೆಯತನ ಆಗ ಇರಲಿಲ್ಲ. ಸಿಟ್ಟು ಬಂತು. ಅವರ ಮೇಲೆ, ಕತ್ತಲ ಖೋಲಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ. ಒಳಗೆ ಹೋಗಿ ಕಿಟಕಿಯ ಕಂಬಳಿ ಕಿತ್ತು, ಬಾಗಿಲು ದೂಡಿ, ಕೂಸನ್ನು ಎತ್ತಿ ಬಿಸಿಲಿಗೆ ತಂದೆ. ಒದ್ದೆ ಬಟ್ಟೆಯಿಂದ ಹಣೆಯ ಅರಿಷಿಣ ಒರೆಸಿದೆ. ಒರೆಸಿದ ಮೇಲೂ ಹಳದಿ. ಕೂಸು ಎಚ್ಚರಾಗಿ ಕಣ್ಣು ಬಿಟ್ಟಿತು. ಅಲ್ಲಿ ಬಲ್ಬು ಇರಲಿಲ್ಲ, ಸೂರ್ಯ ಇದ್ದ.

ಗದಗಿನ ಮಕ್ಕಳ ಡಾಕ್ಟರಿಗೆ ಗಂಡ ಫೋನು ಮಾಡಿದರು. ಸಂಜೆ ನಾಲ್ಕಕ್ಕೆ ಬರ್ರಿ, ಆಗುವುದಾದರೆ ಕೂಸಿನ ಮಲವನ್ನೂ ತನ್ನಿ, ನಾನು ಕಣ್ಣಾರೆ ನೋಡಬೇಕು ಎಂದರಂತೆ. ಇನ್ನೂ ಹತ್ತೂವರೆ. ಸರಿ, ಕಾಯತೊಡಗಿದೆವು. ಪಡಸಾಲೆಯ ನಡುವೆ ಕೂಸನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ ನಾನು ಒಂದು ಕಡೆ, ಅತ್ತೆ ಒಂದು ಕಡೆ, ಗಂಡ ಹೊಸ್ತಿಲ ಮೇಲೆ. ಲೇಥ್ ಮಷೀನು ಅಂದು ತಿರುಗಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಹಾಲು ಕುಡಿಸಿದೆ. ಕೂಸು ಕೈಕಾಲು ಬಡಿದು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ ನಕ್ಕಿತು. ಆಗಷ್ಟೇ ನಗು ಕಲಿತಿತ್ತು. ಒಮ್ಮೆ ಮುಖ ಕೆಂಪು ಮಾಡಿ ತಿಣುಕಿತು, ನಾವು ಮೂವರೂ ಬಗ್ಗಿದೆವು, ಬರೀ ಗಾಳಿ. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಪಕ್ಕದ ಹೆಂಗಸು ಬಾಗಿಲಲ್ಲಿ ಬಂದು ನಿಂತು, ನಮ್ಮ ಮುಖ ನೋಡಿ ಹಿಂದಿರುಗಿದಳು.

ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಹಳದಿ ಬರಲಿ, ಹಸಿರು ಬರಲಿ, ಕಂದು ಬರಲಿ. ಜಗತ್ತಿನಲ್ಲಿ ಯಾವ ತಾಯಿಯೂ ಇಷ್ಟು ಹೊಲಸು ಬೇಡಿಕೆ ಇಟ್ಟಿರಲಿಕ್ಕಿಲ್ಲ.

ಎರಡೂವರೆಗೆ ಬಂತು. ನನಗಿಂತ ಮೊದಲು ಅತ್ತೆ ಕೈ ಹಾಕಿ ಬಟ್ಟೆ ಎತ್ತಿಕೊಂಡರು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಲಡಿ ಹಿಡಿದುಕೊಂಡು ಹೋಗುವ ಹಾಗೇ, ಬಾಗಿಲ ಬೆಳಕಿಗೆ ಹೋದರು. ಬಹಳ ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ.

"ಕೋರಾ" ಎಂದರು.

ಗದಗಿನ ಡಾಕ್ಟರು ಆ ಬಟ್ಟೆ ನೋಡಿದವರೇ ಕುರ್ಚಿಯಿಂದ ಮುಂದಕ್ಕೆ ಸರಿದು ಕೂತರು. ರಕ್ತ ಪರೀಕ್ಷೆ ಆಯಿತು. ಬೆಳಿಗ್ಗೆ ಹಾಲು ಕೊಡದೆ ಹೊಟ್ಟೆಯ ಸ್ಕ್ಯಾನ್ ಆಯಿತು, ಪಿತ್ತಕೋಶ ಸರಿಯಾಗಿ ಕಾಣುತ್ತಿಲ್ಲ ಎಂದರು. "ಇದು ಬರೇ ಕಾಮಾಲಿ ಅಲ್ಲರಿ. ಪಿತ್ತನಾಳ ಮುಚ್ಚೇತಿ ಅಂತ ನನಗ ಸಂಶೆ. ಎರಡು ತಿಂಗಳು ತುಂಬೋದ್ರೊಳಗ ಆಪರೇಶನ್ ಆದ್ರ ಚಲೋ. ತಡ ಆದಷ್ಟೂ ಲಿವರ್ ಗಟ್ಟಿ ಆಗಕೋತ ಹೋಗತೈತಿ. ಜಲ್ದಿ ಬೆಂಗಳೂರಿಗೆ ಹೊಂಡ್ರಿ" ಎಂದರು. ನಲವತ್ತೈದನೇ ದಿನ ಅದು. ಮತ್ತೆ ಎಣಿಕೆ ಶುರುವಾಯಿತು, ಈ ಸಲ ವಾರವಲ್ಲ, ದಿನ.

ಹೊರಡುವ ಮುಂಚೆ ಅತ್ತೆ ಎಲ್ಲಿಂದಲೋ ಹೊಸ ಬಿಳಿ ಬಟ್ಟೆಯ ಒಂದು ಥಾನು ತಂದು ಚೌಕ ಚೌಕ ಹರಿಯುತ್ತಿದ್ದರು. ಕೂಸಿಗೆ ಹೊಸದು ಹಾಕಬಾರದು ಎಂದವರು ನೀವೇ ಅಲ್ಲವೇ ಎಂದು ಕೇಳಿದೆ, ಸ್ವಲ್ಪ ಚುಚ್ಚಿಯೇ. "ಬಣ್ಣ ಬಂದ್ರ ಕಾಣಬೇಕಲ್ಲವಾ" ಎಂದರು. ನಾನು ಕೂತು ಇನ್ನೊಂದು ತುದಿ ಹಿಡಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮತ್ತೆ ಅವೇ ಪರೀಕ್ಷೆಗಳು, ಇನ್ನೂ ಕೆಲವು. ಸರ್ಜನ್ ನಮ್ಮನ್ನು ಕೂರಿಸಿಕೊಂಡು ಒಂದು ಹಾಳೆ ಎಳೆದು ಪೆನ್ನಿನಿಂದ ಉದ್ದ ಕೊಳವೆ ಬರೆದರು, ಅದರ ಪಕ್ಕ ಒಂದು ಉಬ್ಬು, ನಡುವೆ ತೊಟ್ಟು. ನನ್ನದೇ ಚಿತ್ರ. ನಾನು ಏನೂ ತಿಳಿಯದ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತಿದ್ದೆ. ಅವರು ತೊಟ್ಟಿನ ಮೇಲೆ ಎರಡು ಗೀಟು ಎಳೆದರು. "ಈ ದಾರಿ ಮುಚ್ಚಿಹೋಗಿದೆ. ಪಿತ್ತ ಹೊರಗೆ ಬರದೆ ಯಕೃತ್ತಿನಲ್ಲೇ ನಿಂತು ಅದನ್ನೇ ಕೆಡಿಸುತ್ತಿದೆ. ನಾವು ಈ ನಾಳ ತೆಗೆದು, ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ನೇರವಾಗಿ ಯಕೃತ್ತಿಗೆ ಹೊಲಿಯುತ್ತೇವೆ. ಪಿತ್ತ ಹರಿದರೆ ಹರಿಯಿತು. ಎಲ್ಲ ಮಕ್ಕಳಲ್ಲೂ ಹರಿಯುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ." ನಾಲ್ಕನೇ ವಾರದಲ್ಲಿ ಕರುಳಿನಿಂದ ಮೊಗ್ಗಾಗಿ ಹೊರಟದ್ದನ್ನು ಈಗ ಮತ್ತೆ ಕರುಳಿಗೇ ಜೋಡಿಸಬೇಕು. ಗರ್ಭದಲ್ಲಿ ತಾನೇ ತಾನಾಗಿ ನಡೆಯುವ ಕೆಲಸಕ್ಕೆ ಇಲ್ಲಿ ಐದಾರು ಜನ ತಾಸುಗಟ್ಟಲೆ ನಿಲ್ಲಬೇಕಿತ್ತು.

ಮರುದಿನ ಆಪರೇಶನ್. ಗಂಡ ಸಹಿ ಹಾಕಲು ಹೋಗಿದ್ದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ನಾವಿಬ್ಬರೇ. ಅತ್ತೆ ತಮ್ಮ ಕೈಗಳನ್ನು ತೊಡೆಯ ಮೇಲೆ ಹರಡಿಕೊಂಡು ನೋಡುತ್ತಿದ್ದರು. ವಾರವಾದರೂ ಉಗುರಿನ ಸಂದಿಯ ನೀಲಿ ಹೋಗಿರಲಿಲ್ಲ.

"ಒಂದು ಕೇಳತೀನಿ, ಸಿಟ್ಟಾಗಬ್ಯಾಡ" ಎಂದರು. "ಒಂಬತ್ತ ತಿಂಗಳು ನನ್ನ ಹಂಡೆದ ಹೊಗಿ ಕುಡದೀ ನೀನು. ಅದರಿಂದನ ಆಗಿದ್ರ?"

ನಾನು ಅವರನ್ನೇ ನೋಡಿದೆ. ಈ ಹೆಂಗಸು ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ಚಹಾ ತಂದುಕೊಡುತ್ತಿತ್ತು. ನನ್ನ ಬಾಯಿಂದ ಗುಳಿಗೆಯ ಮಾತು ಹೊರಬಿತ್ತು. ಗಂಡನಿಗೂ ಹೇಳದಿದ್ದ ನಾಲ್ಕನೇ ವಾರ, ಜ್ವರ, ಮೂರು ದಿನ. ಹೇಳುತ್ತ ಹೇಳುತ್ತ ಬಿಕ್ಕಿದೆ. ಅತ್ತೆ ನನ್ನ ತಲೆಯನ್ನು ಎಳೆದು ಹೆಗಲಿಗೆ ಒತ್ತಿಕೊಂಡು, "ಹುಚ್ಚಿ" ಎಂದರು. ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಸರ್ಜನ್‌ರನ್ನು ಹಿಡಿದು ಕೇಳಿದೆವು. ಅವರು ಇಬ್ಬರ ಮುಖವನ್ನೂ ನೋಡಿ, "ನಿಮ್ಮ ಮಾತ್ರೆಯೂ ಅಲ್ಲ, ಇವರ ಬಣ್ಣವೂ ಅಲ್ಲ. ಯಾಕೆ ಹೀಗಾಗುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲಮ್ಮ. ನೀವು ಮಾಡಿದ್ದಲ್ಲ, ಅಷ್ಟು ಗೊತ್ತು" ಎಂದರು. ಆ ಮಾತನ್ನು ನಾನು ಅರ್ಧ ನಂಬಿದೆ. ಉಳಿದರ್ಧವನ್ನು ಈಗಲೂ ನಂಬಲು ಪ್ರಯತ್ನಿಸುತ್ತಿದ್ದೇನೆ.

ಐವತ್ತಮೂರನೇ ದಿನ ಆಪರೇಶನ್ ಆಯಿತು. ಕೂಸಿನ ಹೊಟ್ಟೆಯ ಅಡ್ಡಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊಲಿಗೆ. ಕೆಲವು ದಿನ ಬಾಯಿಗೆ ಏನೂ ಕೊಡಲಿಲ್ಲ, ಅದು ಹಸಿವಿಗೆ ಅತ್ತಾಗ ನನ್ನ ಎದೆಯಿಂದ ಹಾಲು ಸೋರಿ ಕುಪ್ಪಸ ತೊಯ್ಯುತ್ತಿತ್ತು. ಆಮೇಲೆ ಚಮಚದಷ್ಟು ಹಾಲು. ಮತ್ತೆ ಕಾಯುವ ಕೆಲಸ. ಮೊದಲ ಮಲ ಬಂದಾಗ ಅತ್ತೆ ಬಟ್ಟೆಯನ್ನು ಕಿಟಕಿಗೆ ಒಯ್ದರು. ಏನೂ ಹೇಳದೆ ಮಡಿಚಿಟ್ಟರು. ಎರಡನೆಯದಕ್ಕೂ ಅಷ್ಟೇ. ಗಂಡ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು.

ಹಾಲು ಕೊಡತೊಡಗಿದ ಮೂರನೇ ದಿನ ಮಧ್ಯಾಹ್ನ ಅತ್ತೆ ಕಿಟಕಿಯ ಹತ್ತಿರ ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಬಟ್ಟೆಯನ್ನು ಸ್ವಲ್ಪ ಓರೆ ಮಾಡಿ ನೋಡಿದರು, ನೆಟ್ಟಗೆ ಹಿಡಿದು ನೋಡಿದರು.

"ಬಾ ಇಲ್ಲೆ" ಎಂದರು. "ಈ ಅಂಚಿಗೆ ನೋಡು. ಹೆಸರ ಬ್ಯಾಳಿ ತೊಳದ ನೀರಿನಂಗ ಐತಿ."

ನಾನು ನೋಡಿದೆ. ನನಗೇನೂ ಕಾಣಲಿಲ್ಲ. ನರ್ಸಿಗೂ ಕಾಣಲಿಲ್ಲ. ಸಂಜೆ ರೌಂಡಿಗೆ ಬಂದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಇನ್ನೂ ಹೇಳಲಾಗದು ಎಂದರು. "ನಾಳಿಗೆ ನಿಮಗೂ ಕಾಣತೈತಿ ತಗೋರಿ" ಎಂದು ಅತ್ತೆ ಅವರಿಗೇ ಹೇಳಿದರು. ನನಗೆ ಭಯವಾಯಿತು, ಆಸೆಯಿಂದ ಕಣ್ಣು ಮೋಸ ಹೋಗುತ್ತಿರಬಹುದೆಂದು. ಮರುದಿನ ಬೆಳಿಗ್ಗೆ ಬಟ್ಟೆಯ ಮೇಲೆ ಹಸಿರು ಬೆರೆತ ಹಳದಿ ಇತ್ತು, ಕುರುಡರಿಗೂ ಕಾಣುವಷ್ಟು. "ಬಣ್ಣ ಹಿಡೀತು" ಎಂದವರೇ ಅತ್ತೆ ಆ ಬಟ್ಟೆಯನ್ನು ಮುಂದಿಟ್ಟುಕೊಂಡು ಅಳತೊಡಗಿದರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ಬಟ್ಟೆಯನ್ನು ಎಷ್ಟು ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ, ಅವರು ಹೋಗಿಸಲೂ ಇಲ್ಲ. ಅದು ಈಗಲೂ ಅವರ ಟ್ರಂಕಿನಲ್ಲಿದೆ.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಯಬಹುದಿತ್ತು. ಆಸ್ಪತ್ರೆಯವರು ಹಾಗೆ ಮುಗಿಸಿ ಕಳಿಸಲಿಲ್ಲ. ಹರಿಯತೊಡಗಿದ ಪಿತ್ತ ಮತ್ತೆ ನಿಲ್ಲಬಹುದು, ಜ್ವರ ಬಂದರೆ ತಡಮಾಡಬೇಡಿ, ಮಲ ಮತ್ತೆ ಬಿಳಿಚಿದರೆ ಅಂದೇ ಬನ್ನಿ, ಮುಂದೆ ಎಂದಾದರೂ ಯಕೃತ್ತನ್ನೇ ಬದಲಿಸಬೇಕಾಗಬಹುದು ಎಂದರು. ಆ ಎಂದಾದರೂ ಎಂಬುದು ನಮ್ಮ ಜೊತೆಗೇ ಬೆಟಗೇರಿಗೆ ಬಂತು. ಎರಡು ಸಲ ಜ್ವರ ಬಂದು ಓಡಿದ್ದೇವೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ರಿಪೋರ್ಟು ಬರುವವರೆಗೆ ನನ್ನ ಕೈಕಾಲು ಆಡುವುದಿಲ್ಲ. ಕಾಲೇಜಿನಲ್ಲಿ ಆ ಪಾಠ ಈಗಲೂ ಮಾಡುತ್ತೇನೆ. ಕೊಳವೆ ಬರೆಯುತ್ತೇನೆ, ಮೊಗ್ಗು ಬರೆಯುತ್ತೇನೆ. ತೊಟ್ಟು ಬರೆಯುವಾಗ ಒಂದು ಕ್ಷಣ ಕೈ ತಡೆಯುತ್ತದೆ. ಕೊನೆಯ ಪ್ರಶ್ನೆಯನ್ನು ಮಾತ್ರ ಎರಡು ಅಂಕಕ್ಕೆ ಎಂದು ಹೇಳುವುದನ್ನು ಬಿಟ್ಟಿದ್ದೇನೆ.

ಮಗಳಿಗೆ ಈಗ ನಾಲ್ಕೂವರೆ. ಅವಳು ಬಚ್ಚಲಿಗೆ ಹೋದಾಗಲೆಲ್ಲ ಆಯಿ, ಅಂದರೆ ನಮ್ಮ ಅತ್ತೆ, ಹಿಂದೆ ಹೋಗಿ ನೋಡಿಯೇ ನೀರು ಹಾಕುವುದು. ಅವರು ಹಂಡೆಯ ಮುಂದಿದ್ದರೆ ನಾನು. ಊಟ, ಸ್ನಾನದ ಹಾಗೆ ಅದೂ ನಮ್ಮ ಮನೆಯ ದಿನಚರಿ. ಎಲ್ಲರ ಮನೆಯಲ್ಲೂ ಹೀಗೇ ಎಂದು ಮಗಳು ತಿಳಿದಿದ್ದಳು. ಈ ಜೂನಿನಲ್ಲಿ ಶಾಲೆಗೆ ಸೇರಿದ ಮೇಲೆ ಅಲ್ಲ ಎಂದು ಗೊತ್ತಾಗಿರಬೇಕು.

ಮೊನ್ನೆ ನಾನು ಮುಂಡರಗಿ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಬಚ್ಚಲ ಚಿಲಕ ಬಿದ್ದ ಸದ್ದು ಕೇಳಿಸಿತು. ಮಗಳು ಒಳಗಿನಿಂದ ಹಾಕಿಕೊಂಡಿದ್ದಳು, ಮೊದಲ ಸಲ. ಅತ್ತೆ ಹಿತ್ತಲಿಂದ ಓಡಿಬಂದು, ನೀಲಿ ಬಣ್ಣ ಸೋರುವ ಕೈಯಿಂದಲೇ ಬಾಗಿಲು ಬಡಿದರು.

"ತಗೀಯವಾ ಬಾಗಲಾ. ಆಯಿ ನೋಡಬೇಕು."

"ಬ್ಯಾಡ. ನನಗ ನಾಚಿಕಿ ಬರತೈತಿ."

ಒಳಗೆ ನೀರು ಸುರಿದ ಸದ್ದಾಯಿತು. ನೋಡಬೇಕಾದದ್ದು ನೀರಿನೊಂದಿಗೇ ಹೋಯಿತು. ಅತ್ತೆ ನನ್ನ ಕಡೆ ತಿರುಗಿದರು. ಐದು ವರ್ಷವಾಗುತ್ತ ಬಂದರೂ ಅದೇ ಮುಖ, ಒಗೆಯುವ ಕಲ್ಲಿನ ಮೇಲೆ ಕೂತಿದ್ದ ದಿನದ್ದು. ಗದರಬೇಕೆಂದು ಬಾಯಿ ತೆರೆದೆ.

ಒಳಗಿನಿಂದ ಸಣ್ಣ ದನಿ ಬಂತು, ಸ್ವಲ್ಪ ಬೇಸರದಿಂದ, ದೊಡ್ಡವರಿಗೆ ಸಮಾಧಾನ ಹೇಳುವ ಹಾಗೆ.

"ಆಯೀ, ನಾ ನೋಡೀನಿ. ತೊಗರಿ ಬ್ಯಾಳಿ ಹಳದಿ ಐತಿ. ಕೋರಾ ಇಲ್ಲ. ನೀ ಹೋಗು."

ಅತ್ತೆ ಬಾಗಿಲ ಮೇಲಿಂದ ಕೈ ತೆಗೆದರು. ಅಲ್ಲಿ ಅವರ ಐದೂ ಬೆರಳಿನ ನೀಲಿ ಗುರುತು ಮೂಡಿತ್ತು. ನಾವಿಬ್ಬರೂ ಅಲ್ಲೇ ನಿಂತೆವು. ನನಗೆ ಆ ದಿನದ ಬಸ್ಸು ತಪ್ಪಿತು.